ಮಸಾಜ್ ಗನ್ ಬೇಕಾ, ಕೈ ಸಾಕಾ?

ಪರ: ತಗೊಳ್ಳಿ, ಆದರೆ ಸ್ಪೀಡ್ ನೋಡಿ ಮರುಳಾಗಬೇಡಿ

ಬಹಳ ದಿನಗಳ ಮೇಲೆ ಸ್ಕ್ವಾಟ್ಸ್ ಮಾಡಿದವರನ್ನು ಎರಡನೇ ದಿನ ನೋಡಬೇಕು. ಮೆಟ್ಟಿಲು ಹತ್ತುವುದು ಹೇಗೋ ಆಗುತ್ತದೆ. ಇಳಿಯುವಾಗ ಮಾತ್ರ ಕಂಬಿ ಹಿಡಿದು, ಪಕ್ಕಕ್ಕೆ ತಿರುಗಿ, ಏಡಿಯ ಹಾಗೆ ಇಳಿಯಬೇಕು. ಕುರ್ಚಿಯಲ್ಲಿ ಕೂರಲು ಹೋದರೆ ಕೊನೆಯ ಅರ್ಧ ಅಡಿ ಧೊಪ್ಪನೆ ಬೀಳುವುದೇ ಗತಿ. ನಾನು ಮಸಾಜ್ ಗನ್ ತಂದಿದ್ದು ಅಂಥ ಒಂದು ವಾರದಲ್ಲಿ.

ಅದು ಮಾಡುವ ಕೆಲಸ ತೀರಾ ಸರಳ. ತುದಿಯ ಉಂಡೆ ಹಿಂದೆ ಮುಂದೆ ಓಡಾಡುತ್ತಾ ಮಾಂಸಖಂಡವನ್ನು ಬಡಿಯುತ್ತದೆ. ಸಾಮಾನ್ಯವಾಗಿ ನಿಮಿಷಕ್ಕೆ 1,200ರಿಂದ 3,200 ಸಲ. ಇಷ್ಟರಿಂದ ನೋವು ಹೇಗೆ ಕಡಿಮೆಯಾಗುತ್ತದೆ? ಮೊಣಕೈ ಬಾಗಿಲಿಗೆ ಬಡಿದರೆ ನಾವು ಮೊದಲು ಮಾಡುವ ಕೆಲಸ ನೆನಪಿಸಿಕೊಳ್ಳಿ. ಗಸಗಸ ಉಜ್ಜಿಕೊಳ್ಳುತ್ತೇವೆ, ಅಲ್ವಾ? ಮೆಲ್ಜಾಕ್ ಮತ್ತು ವಾಲ್ ಎಂಬಿಬ್ಬರು ವಿಜ್ಞಾನಿಗಳು 1965ರಲ್ಲಿ ಇದಕ್ಕೊಂದು ವಿವರಣೆ ಕೊಟ್ಟರು. ಬೆನ್ನುಹುರಿಯಲ್ಲಿ ಒಂದು ಗೇಟು ಇದ್ದಂತೆ. ಮುಟ್ಟಿದ್ದು, ಅದುರಿದ್ದು ಎಂಬ ಸುದ್ದಿ ಜಾಸ್ತಿ ಹೋದರೆ ನೋವಿನ ಸುದ್ದಿಗೆ ದಾರಿ ಕಿರಿದಾಗುತ್ತದೆ. ಗನ್ ಮಾಡುವುದೂ ಹೆಚ್ಚುಕಮ್ಮಿ ಆ ಉಜ್ಜುವ ಕೆಲಸವನ್ನೇ, ದಣಿಯದೆ.

ಇದರ ಹುಟ್ಟೂ ನೋವಿನಿಂದಲೇ. ಅಮೆರಿಕದ ಕೈರೊಪ್ರಾಕ್ಟರ್ (ಬೆನ್ನುಮೂಳೆ, ಕೀಲುಗಳಿಗೆ ಕೈಯಿಂದ ಚಿಕಿತ್ಸೆ ಕೊಡುವವರು) ಜೇಸನ್ ವರ್ಸ್‌ಲ್ಯಾಂಡ್ 2007ರಲ್ಲಿ ಮೋಟರ್‌ಸೈಕಲ್ ಅಪಘಾತದಲ್ಲಿ ಪೆಟ್ಟು ತಿಂದು, ತನ್ನ ನೋವಿಗೆಂದು ಪವರ್ ಟೂಲ್ ಒಂದನ್ನು ಮಾರ್ಪಡಿಸಿಕೊಂಡರು. ಥೆರಾಗನ್ ಎಂಬ ಮಸಾಜ್ ಗನ್ ಬಂದಿದ್ದು ಅಲ್ಲಿಂದ. ಈ ಸಾಧನಗಳೆಲ್ಲ ಇವತ್ತಿಗೂ ಡ್ರಿಲ್ಲಿಂಗ್ ಮೆಷಿನ್ನಿನ ತಮ್ಮನಂತೆ ಕಾಣುವುದು ಸುಮ್ನೆ ಅಲ್ಲ.

ಇದೆಲ್ಲ ಬರೀ ಭ್ರಮೆಯೂ ಅಲ್ಲ. ಆಸ್ಟ್ರಿಯಾದ ಗ್ರಾಜ್ ವಿಶ್ವವಿದ್ಯಾಲಯದವರು 2020ರಲ್ಲಿ 16 ಗಂಡಸರ ಮೀನಖಂಡಕ್ಕೆ 5 ನಿಮಿಷ ಗನ್ ಹಿಡಿದು ನೋಡಿದರು. ಪಾದ ಮೇಲಕ್ಕೆ ಬಾಗುವ ಕೋನ ಸುಮಾರು 5 ಡಿಗ್ರಿ ಹೆಚ್ಚಿತು. ಸ್ನಾಯುವಿನ ಬಲ ಕುಗ್ಗಲಿಲ್ಲ. ಓಡುವ ಮೊದಲು ಕಾಲು ಸಡಿಲ ಮಾಡಿಕೊಳ್ಳಬೇಕು ಎನ್ನುವವರಿಗೆ ಇದು ಒಳ್ಳೆಯ ಸುದ್ದಿಯೇ.

ಇನ್ನು ಆರಿಸುವ ಮಾತು. ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿರುವುದು ಸ್ಪೀಡ್. ಅದನ್ನು ಬಿಟ್ಟುಬಿಡಿ. ನೋಡಬೇಕಾದ್ದು ಆಂಪ್ಲಿಟ್ಯೂಡ್, ಅಂದರೆ ಉಂಡೆ ಎಷ್ಟು ದೂರ ಓಡಾಡುತ್ತದೆ ಎನ್ನುವುದು. 6 ಮಿಲಿಮೀಟರ್ ಆದರೆ ಚರ್ಮದ ಮೇಲೆ ಗುಂಯ್‌ಗುಟ್ಟಿದ ಹಾಗಿರುತ್ತದೆ, ಮುಂಗೈಗೆ ಸಾಕು. ತೊಡೆಗೆ, ಪಿರ್ರೆಗೆ 10-12 ಆದರೂ ಇರಲಿ. ದೊಡ್ಡ ಮಾಡೆಲ್‌ಗಳಲ್ಲಿ 16ರವರೆಗೂ ಇದೆ. ಎರಡನೆಯದು ಸ್ಟಾಲ್ ಫೋರ್ಸ್. ಎಷ್ಟು ಒತ್ತಿದರೆ ಮೋಟರ್ ನಿಂತುಹೋಗುತ್ತದೆ ಎಂಬ ಲೆಕ್ಕ ಅದು. ನನ್ನ ಮೊದಲ ಗನ್ ತೊಡೆಗೆ ಸ್ವಲ್ಪ ಒತ್ತಿದರೆ ಸಾಕು, ಗುರ್ ಗುರ್ ಎಂದು ಏದುಸಿರು ಬಿಟ್ಟು ಗಪ್‌ಚುಪ್. ಅದಕ್ಕೇ ಕೊಳ್ಳುವ ಮೊದಲು ಒಮ್ಮೆ ತೊಡೆಗೆ ಒತ್ತಿ ನೋಡಿ, ಆಗುವುದಾದರೆ.

ತೂಕವನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಒಂದು ಕಿಲೋ ಏನು ಮಹಾ ಅನ್ನಿಸುತ್ತದೆ. ಕೈ ಹಿಂದಕ್ಕೆ ತಿರುಚಿ ಬೆನ್ನಿಗೆ ಮೂರು ನಿಮಿಷ ಹಿಡಿದು ನೋಡಿ. ಬೆನ್ನು ನೋವು ಹೋಗಿ ಹೆಗಲು ನೋವು ಬಂದಿರುತ್ತದೆ! ಹಿಡಿ ಉದ್ದ ಇದ್ದರೆ, ಅಥವಾ ಬೇರೆ ಬೇರೆ ಕಡೆ ಹಿಡಿಯಲು ಬರುವ ತ್ರಿಕೋನದ ಆಕಾರ ಇದ್ದರೆ ವಾಸಿ. ಜೊತೆಗೆ ಕೊಡುವ ಎಂಟು ತಲೆಗಳಲ್ಲಿ ನಾನು ಬಳಸುವುದು ಎರಡೇ: ಗುಂಡಗಿನದು, ಚಪ್ಪಟೆಯದು.

ಕಡಿಮೆ ಸ್ಪೀಡ್, ಒಂದು ಜಾಗಕ್ಕೆ ಒಂದೆರಡು ನಿಮಿಷ, ಒತ್ತದೆ ಸುಮ್ಮನೆ ಜಾರಿಸುತ್ತಾ ಹೋಗುವುದು. ಹೀಗೆ ಬಳಸಿದ ರಾತ್ರಿ ನಾನು ಮಗ್ಗುಲು ಬದಲಿಸುವಾಗ ‘ಅಮ್ಮಾ’ ಎನ್ನುವುದಿಲ್ಲ. ನನಗೆ ಅಷ್ಟು ಸಾಕು.

ವಿರೋಧ: ಮೋಟರ್‌ಗೆ ಏನೂ ಗೊತ್ತಾಗುವುದಿಲ್ಲ

ನನ್ನ ಹತ್ತಿರವೂ ಒಂದಿದೆ. ಬೀರುವಿನ ಕೆಳಗಿನ ಖಾನೆಯಲ್ಲಿ, ಸಾಕ್ಸ್‌ಗಳ ಅಡಿಯಲ್ಲಿ. ಮೊದಲ ವಾರ ದಿನಾ ಎರಡು ಹೊತ್ತು, ಆಮೇಲೆ ಮನೆಗೆ ಬಂದವರಿಗೆ ತೋರಿಸಲು.

ವ್ಯಾಯಾಮದ ನೋವು ಒಂದರಿಂದ ಮೂರು ದಿನದೊಳಗೆ ಏರುತ್ತದೆ, ಆಮೇಲೆ ತಾನಾಗಿ ಇಳಿಯುತ್ತದೆ. ಗನ್ ಹಿಡಿದರೂ ಇಳಿಯುತ್ತದೆ, ಹಿಡಿಯದಿದ್ದರೂ ಇಳಿಯುತ್ತದೆ. ಹಿಡಿದವರು ಗನ್‌ಗೆ ಥ್ಯಾಂಕ್ಸ್ ಹೇಳುತ್ತಾರೆ, ಅಷ್ಟೇ ವ್ಯತ್ಯಾಸ. ಅದೇ ವ್ಯಾಯಾಮವನ್ನು ಕೆಲವು ದಿನ ಬಿಟ್ಟು ಮತ್ತೆ ಮಾಡಿದರೆ ನೋವು ಮೊದಲಿನಷ್ಟು ಇರುವುದಿಲ್ಲ. ಮೈ ತಾನೇ ಪಾಠ ಕಲಿತಿರುತ್ತದೆ. ‘ಲ್ಯಾಕ್ಟಿಕ್ ಆಸಿಡ್ ಹೊರಹಾಕುತ್ತದೆ’ ಎಂದು ಯಾವುದಾದರೂ ಡಬ್ಬಿಯ ಮೇಲೆ ಕಂಡರೆ ನಕ್ಕು ಮುಂದೆ ಹೋಗಿ. ಅದು ವ್ಯಾಯಾಮ ಮುಗಿದ ಒಂದೆರಡು ಗಂಟೆಯೊಳಗೇ ರಕ್ತದಿಂದ ಖಾಲಿಯಾಗಿರುತ್ತದೆ. ಎರಡನೇ ದಿನದ ನೋವಿಗೂ ಅದಕ್ಕೂ ಸಂಬಂಧವಿಲ್ಲ.

ಗ್ರಾಜ್‌ನ ಪ್ರಯೋಗ ನಿಜ. ಆದರೆ ಅಳೆದದ್ದು ಗನ್ ಹಿಡಿದು ಮುಗಿಸಿದ ಕೂಡಲೇ. 16 ಜನ, ಒಂದು ಮೀನಖಂಡ. ಅಲ್ಲಿಂದ ‘ಎಲ್ಲರ ಮೈಕೈ ನೋವಿಗೆ ಮದ್ದು’ ಎನ್ನುವವರೆಗೆ ಹಾರುವುದು ಉದ್ದ ಜಿಗಿತವಾಯಿತು.

ನನ್ನ ನಿಜವಾದ ತಕರಾರು ಬೇರೆ. ಕೈಯಿಂದ ತಿಕ್ಕುವವರಿಗೆ ಬೆರಳ ತುದಿಯಲ್ಲೇ ಗೊತ್ತಾಗುತ್ತದೆ: ಇಲ್ಲಿ ಎಲುಬಿದೆ, ಇಲ್ಲಿ ಊದಿದೆ, ಇಲ್ಲಿ ಮುಟ್ಟಿದರೆ ಇವರು ಮುಖ ಕಿವುಚುತ್ತಾರೆ. ಕೈ ತಾನಾಗಿ ಹಗುರಾಗುತ್ತದೆ. ಮೋಟರ್‌ಗೆ ಅದ್ಯಾವುದೂ ಇಲ್ಲ. ಒಮ್ಮೆ ನಾನು ಟೀವಿ ನೋಡುತ್ತಾ ತೊಡೆಯ ಒಂದೇ ಜಾಗಕ್ಕೆ ಗನ್ ಇಟ್ಟು ಮರೆತೇಬಿಟ್ಟೆ. ಹಾಯಾಗಿತ್ತು. ಬೆಳಿಗ್ಗೆ ನೋಡಿದರೆ ಅಂಗೈ ಅಗಲ ನೀಲಿಗಟ್ಟಿತ್ತು. ಆ ಅದುರುವಿಕೆ ನೋವನ್ನು ಮರೆಸುತ್ತದೆ ಅಂತ ಮೇಲೆ ಹೊಗಳಿದ್ದಾರಲ್ಲ, ಅದೇ ತೊಂದರೆ. ಸಾಕು ಎಂದು ಮೈ ಹೇಳಿದ್ದು ನಮಗೆ ಕೇಳಿಸುವುದಿಲ್ಲ.

ನನ್ನದು ಸಣ್ಣದರಲ್ಲಿ ಹೋಯಿತು. ಸೈಕಲ್ ತುಳಿದು ದಣಿದ ಕಾಲಿಗೆ ಗನ್ ಹಿಡಿಸಿಕೊಂಡ ಯುವತಿಯೊಬ್ಬಳ ಪ್ರಕರಣ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿದೆ. ತೊಡೆ ವಿಪರೀತ ನೋವು, ಚಹಾ ಬಣ್ಣದ ಮೂತ್ರ. ಸ್ನಾಯುವಿನ ಜೀವಕೋಶಗಳು ಒಡೆದು, ಒಳಗಿನದು ರಕ್ತಕ್ಕೆ ಸೇರಿತ್ತು. ಇದು ಮೂತ್ರಪಿಂಡಕ್ಕೆ ಕುತ್ತು ತರುವ ಸ್ಥಿತಿ, ರ‍್ಯಾಬ್ಡೊಮಯೊಲಿಸಿಸ್. ಕುತ್ತಿಗೆಗೆ ಮತ್ತೆ ಮತ್ತೆ ಗನ್ ಬಳಸಿದ ಇನ್ನೊಬ್ಬಳಿಗೆ ಮಿದುಳಿಗೆ ಹೋಗುವ ರಕ್ತನಾಳದ ಒಳಪದರವೇ ಹರಿದಿತ್ತು. ಇವು ಅಪರೂಪ, ಒಪ್ಪುತ್ತೇನೆ. ಆದರೆ ಹಿಡಿದುಕೊಂಡಂತಾದಾಗ ನಮ್ಮ ಕೈ ಮೊದಲು ಹೋಗುವುದು ಕುತ್ತಿಗೆಗೇ ಅಲ್ವಾ?

ಮೀನಖಂಡದ ಕಥೆ ಇನ್ನೂ ನಾಜೂಕು. ಒಂದೇ ಕಾಲು ನೋಯುತ್ತಿದೆ, ಸ್ವಲ್ಪ ಊದಿದೆ, ಮುಟ್ಟಿದರೆ ಬಿಸಿ. ಇದು ಸ್ನಾಯುವಿನ ನೋವಾಗಿರಬಹುದು, ರಕ್ತ ಹೆಪ್ಪುಗಟ್ಟಿದ್ದೂ ಆಗಿರಬಹುದು. ಹೆಪ್ಪು ಕಳಚಿಕೊಂಡು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಅಂಥ ಕಾಲನ್ನು ಬಡಿಯುವುದಲ್ಲ, ಡಾಕ್ಟರಿಗೆ ತೋರಿಸಬೇಕು. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು, ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು, ಉಬ್ಬಿದ ರಕ್ತನಾಳ ಇರುವವರು, ಗರ್ಭಿಣಿಯರು ಕೇಳದೆ ಮುಟ್ಟಬಾರದು. ಈ ಪಟ್ಟಿ ಜೊತೆಗೆ ಬರುವ ಪುಸ್ತಿಕೆಯಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಅದನ್ನು ಓದಿದ ಒಬ್ಬರನ್ನೂ ನಾನು ಕಂಡಿಲ್ಲ.

ನನಗೀಗ ಒಂದು ಟೆನಿಸ್ ಚೆಂಡು ಸಾಕು. ಗೋಡೆಗೂ ಬೆನ್ನಿಗೂ ನಡುವೆ ಇಟ್ಟು ಒರಗಿದರೆ ಒತ್ತುವುದು ನನ್ನ ಮೈಭಾರವೇ. ಜಾಸ್ತಿ ಅನ್ನಿಸಿದರೆ ಅರ್ಧ ಹೆಜ್ಜೆ ಮುಂದೆ ಬಂದರಾಯಿತು. ಬೀರುವಿನಲ್ಲಿರುವ ಗನ್ ಬೇಕಾದವರು ತೆಗೆದುಕೊಂಡು ಹೋಗಬಹುದು, ಚಾರ್ಜರ್ ಮಾತ್ರ ಎಲ್ಲಿದೆಯೋ ಹುಡುಕಬೇಕು.