ಕಾಗೆ ಮುಟ್ಟಲಿಲ್ಲ ಅಲ್ವಾ?

ನಿನ್ನೆ ಮಧ್ಯಾಹ್ನದಿಂದ ನಮ್ಮ ಮನೆಯಲ್ಲಿ ಯಾರೂ ಹಲಸಿನ ಹಪ್ಪಳದ ಹೆಸರು ಎತ್ತುತ್ತಿಲ್ಲ. ಅಮ್ಮ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಇಡುತ್ತಿದ್ದಾಳೆ. ಹೆಂಡತಿ ಮಾತಿಗೆ ಮೊದಲು ಒಂದು ಸಲ, ಮಾತು ಮುಗಿದ ಮೇಲೆ ಒಂದು ಸಲ "ನಿಮ್ಮ ಭಾವ" ಎನ್ನುತ್ತಿದ್ದಾಳೆ. ಇಷ್ಟಕ್ಕೆಲ್ಲ ಕಾರಣನಾದವನು ಜಗಲಿಯಲ್ಲಿ ನಾಲ್ಕೂ ಕಾಲು ಚಾಚಿ ಮಲಗಿದ್ದಾನೆ. ಹೆಸರು ಬ್ರೂನೋ. ಜಾತಿಯಲ್ಲಿ ಲ್ಯಾಬ್ರಡಾರ್. ತೂಕ ಬರೆಯುವುದಿಲ್ಲ, ಮೃಗಾಸ್ಪತ್ರೆಯ ಡಾಕ್ಟ್ರು ಓದಿದರೆ ನನಗೇ ಬೈಯುತ್ತಾರೆ.

ಹಪ್ಪಳಕ್ಕೆ ಬರುವ ಮೊದಲು ಭಾವನ ಕಥೆ ಆಗಬೇಕು. ಭಾವ ಅಂದರೆ ಅಕ್ಕನ ಗಂಡ. ಮಂಗಳೂರಿನಲ್ಲಿ ಫ್ಲ್ಯಾಟು. ಎರಡು ಬೆಡ್‌ರೂಮು, ಒಂದು ಬಾಲ್ಕನಿ, ಬಾಲ್ಕನಿ ತುಂಬ ವಾಷಿಂಗ್ ಮೆಷಿನ್. ಅವರಿಗೆ ನಾಯಿ ಅಂದರೆ ಜೀವ. ಯಾವ ಜಾತಿ ಮಕ್ಕಳಿಗೆ ಒಳ್ಳೆಯದು, ಯಾವುದು ಮುದುಕರಿಗೆ ಲಾಯಕ್ಕು ಅಂತ ರಾತ್ರಿಯಿಡೀ ಯೂಟ್ಯೂಬ್ ನೋಡಿ, ಕಡೆಗೆ ಮರಿಯ ಮುಖ ನೋಡಿ ತರುತ್ತಾರೆ. ಆರು ತಿಂಗಳಲ್ಲಿ ಮರಿ ನಾಯಿಯಾಗುತ್ತದೆ. ಭಾವನಿಗೆ ಇದು ಪ್ರತಿ ಸಲವೂ ಆಶ್ಚರ್ಯ. ಆಮೇಲೊಂದು ಭಾನುವಾರ ಅವರ ಕಾರು ತಲಪಾಡಿಯ ಗಡಿ ದಾಟಿ ಕೇರಳದ ನಮ್ಮ ಅಂಗಳಕ್ಕೆ ಬಂದು ನಿಲ್ಲುತ್ತದೆ. ಹಿಂದಿನ ಸೀಟಿನಲ್ಲಿ ನಾಯಿ. ಡಿಕ್ಕಿಯಲ್ಲಿ ಅದರ ಬಟ್ಟಲು, ಹಾಸಿಗೆ, ಬಾಚಣಿಗೆ. ಭಾವ ಕಾರಿನ ಬಾಗಿಲು ತೆಗೆಯುವಾಗಲೇ ಮಾತು ಹೊರಗೆ ಬಿದ್ದಿರುತ್ತದೆ: "ನಿಮ್ಮಲ್ಲಿ ಜಾಗ ಉಂಟಲ್ಲ ಮಾರಾಯ!"

ಜಾಗ ಉಂಟು, ಇಲ್ಲ ಅನ್ನುವುದಿಲ್ಲ. ಕುಂಬಳೆ ಸೀಮೆಯಲ್ಲಿ ತೋಟ ಮಾಡಿಕೊಂಡು ಕೂತವರಿಗೆ ಜಾಗ ಬಿಟ್ಟರೆ ಬೇರೆ ಎಂತ ಉಂಟು? ಆದರೆ ಜಾಗ ಇರುವುದು ನಾಯಿಗಲ್ಲ, ಅಡಿಕೆಗೆ ಅಂತ ಅಕ್ಕನ ಗಂಡನ ಮುಖಕ್ಕೆ ಹೇಳುವ ಕ್ರಮ ನಮ್ಮಲ್ಲಿಲ್ಲ. ಪಾಯಸ ಬಡಿಸಿ, ನಾಯಿ ಇಳಿಸಿಕೊಂಡು, ಕಾರಿಗೆ ಒಂದು ಬಾಳೆಗೊನೆ ಹಾಕಿ ಕಳಿಸುತ್ತೇವೆ.

ಮೊದಲು ಬಂದದ್ದು ಡ್ಯಾಶ್‌ಹುಂಡ್. ಸಣ್ಣ ನಾಯಿ, ಫ್ಲ್ಯಾಟಿಗೆ ಸರಿಯಾಗುತ್ತದೆ ಎಂಬ ಲೆಕ್ಕಾಚಾರ. ಸಣ್ಣದು ಹೌದು. ಆದರೆ ಜರ್ಮನಿಯವರು ಅದನ್ನು ತಯಾರು ಮಾಡಿದ್ದು ನೆಲದೊಳಗೆ ನುಗ್ಗಿ ಬ್ಯಾಜರ್ ಎಂಬ ಬಿಲದ ಪ್ರಾಣಿಯನ್ನು ಹಿಡಿಯುವುದಕ್ಕೆ. ನಮ್ಮ ತೋಟದಲ್ಲಿ ಬ್ಯಾಜರ್ ಇಲ್ಲ, ಹೆಗ್ಗಣ ಉಂಟು. ಹೆಗ್ಗಣ ಹುಡುಕುವ ನೆಪದಲ್ಲಿ ಅದು ಹೊಸ ಅಡಿಕೆ ಸಸಿಗಳ ಬುಡವನ್ನೆಲ್ಲ ಬಿಡಿಸಿಟ್ಟಿತು. ಸಂಬಳ ಕೊಟ್ಟರೂ ಅಷ್ಟು ಶ್ರದ್ಧೆಯ ಆಳು ಈಗ ಸಿಗುವುದಿಲ್ಲ. ಬಿಡಿಸಿದ ಮೇಲೆ ಗೊಬ್ಬರ ಹಾಕಿ ಮುಚ್ಚುವ ಅಭ್ಯಾಸ ಮಾತ್ರ ಅದಕ್ಕಿರಲಿಲ್ಲ. ಸಾಲದ್ದಕ್ಕೆ ಅದರದ್ದು ಉದ್ದ ಬೆನ್ನು. ಮೆಟ್ಟಿಲು ಹಾರಿದರೆ ಬೆನ್ನಿನ ಡಿಸ್ಕ್ ಜಾರುವ ಅಪಾಯ ಈ ಜಾತಿಗೆ ಜಾಸ್ತಿ. ನಮ್ಮ ಜಗಲಿಯ ಮೆಟ್ಟಿಲು ಹಳೆಕಾಲದ್ದು, ಎತ್ತರ. ಹಾಗಾಗಿ ಹತ್ತಿಸುವುದೂ ಇಳಿಸುವುದೂ ನಾನೇ. ನನ್ನ ಡಿಸ್ಕಿನ ವಿಷಯ ಯಾರೂ ಕೇಳಲಿಲ್ಲ. ಅದು ಈಗ ಪುತ್ತೂರಿನ ಚಿಕ್ಕಮ್ಮನ ಮನೆಯಲ್ಲಿ, ಒಂದೂ ಮೆಟ್ಟಿಲಿಲ್ಲದ ಟೈಲ್ಸ್ ನೆಲದಲ್ಲಿ, ಸುಖವಾಗಿದೆ.

ಆಮೇಲೆ ಸೈಬೀರಿಯನ್ ಹಸ್ಕಿ. ಅದೂ ಏಪ್ರಿಲ್‌ನಲ್ಲಿ. ಏಪ್ರಿಲ್‌ನಲ್ಲಿ ನಮ್ಮಲ್ಲಿ ಮನುಷ್ಯರೇ ಅಂಗಿ ಕಳಚಿ ಬೈರಾಸು ಬೀಸಿಕೊಳ್ಳುತ್ತಾ ಕೂತಿರುತ್ತಾರೆ. ಇದು ಎರಡು ಪದರದ ಕೂದಲು ಹೊದ್ದುಕೊಂಡು ಕಾರಿನಿಂದ ಇಳಿಯಿತು. ಭಾವ ನಿಂತಲ್ಲೇ ಅದರ ಚರಿತ್ರೆ ಹೇಳಿದರು. 1925ರಲ್ಲಿ ಅಲಾಸ್ಕದ ನೋಮ್ ಎಂಬ ಊರಿನಲ್ಲಿ ಗಂಟಲಮಾರಿ ಎದ್ದಾಗ, ಹಿಮದಲ್ಲಿ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಸರತಿಯಲ್ಲಿ ಗಾಡಿ ಎಳೆದು ಔಷಧಿ ತಲುಪಿಸಿದ್ದು ಇಂಥ ನಾಯಿಗಳೇ. ಕಥೆ ನಿಜ, ನಾನೂ ಓದಿದ್ದೇನೆ. ಅದಕ್ಕೆ ಎಳೆಯುವುದು ರಕ್ತದಲ್ಲೇ ಉಂಟು ಎನ್ನುವುದೂ ನಿಜ. ಸಂಕೋಲೆ ಹಿಡಿದುಕೊಂಡು ಗೇಟಿನ ತನಕ ಅಂತ ಹೊರಟರೆ ಬಸ್ ಸ್ಟಾಪಿನಲ್ಲಿ ನಿಲ್ಲುತ್ತಿದ್ದೆವು. ಉಳಿದ ಹೊತ್ತು ಅದು ಬಚ್ಚಲುಮನೆಯ ಒದ್ದೆ ಸಿಮೆಂಟಿನ ಮೇಲೆ. ಸ್ನಾನಕ್ಕೆ ಹೋಗುವವರು ಅದನ್ನು ದಾಟಿ ಬಿಸಿನೀರ ಹಂಡೆ ಮುಟ್ಟಬೇಕು. ಕೂದಲು ಬೋಳಿಸಿಬಿಡುವ ಎಂದರೆ ಡಾಕ್ಟ್ರು ಬೇಡವೇ ಬೇಡ ಎಂದರು, ಬಿಸಿಲು ನೇರ ಚರ್ಮಕ್ಕೆ ತಾಗದ ಹಾಗೆ ತಡೆಯುವುದೂ ಆ ಕೂದಲೇ ಅಂತೆ.

ಸೆಕೆಯನ್ನಾದರೂ ಸಹಿಸಬಹುದಿತ್ತು. ಹಸ್ಕಿ ಬೊಗಳುವುದು ಕಡಿಮೆ, ಊಳಿಡುವುದೇ ಜಾಸ್ತಿ. ರಾತ್ರಿ ನಾಯಿ ಊಳಿಟ್ಟರೆ ಆ ಮನೆಯಲ್ಲಿ ಯಾರಿಗೋ ಗ್ರಹಚಾರ ಉಂಟು ಎಂಬುದು ನಮ್ಮ ಕಡೆಯ ನಂಬಿಕೆ. ಮೊದಲ ರಾತ್ರಿ ಕಳೆದು ಬೆಳಗಾಗುವಾಗ ಆಚೆಮನೆ ಅಜ್ಜಿ ಬಂದು ಅಮ್ಮನ ಕೈ ಹಿಡಿದುಕೊಂಡು "ಹೇಗಿದ್ದಿ ಮಗಾ?" ಎಂದರು. ಮರುದಿನವೂ ಬಂದರು. ಅದರ ಮರುದಿನ ಗೆಂದಾಳಿ ಎಳನೀರು ತಂದು, ಹಳೆಯದೆಲ್ಲ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ ಎಂದು ಕಣ್ಣೊರೆಸಿಕೊಂಡರು. ಇಬ್ಬರಿಗೂ ಬೇಲಿಯ ವಿಷಯದಲ್ಲಿ ವರ್ಷಗಳಿಂದ ಮಾತಿರಲಿಲ್ಲ. ಅಮ್ಮನಿಗೆ ಖುಷಿಯೂ ಆಯಿತು, ಹೆದರಿಕೆಯೂ ಆಯಿತು. ಸುಮ್ನೆ ಇರಲಿ ಅಂತ ಬಿಪಿ ನೋಡಿಸಿಕೊಂಡು ಬಂದಳು. ಕಳ್ಳರಿಗಾದರೂ ಹಸ್ಕಿಯ ಹೆದರಿಕೆ ಇದ್ದಿದ್ದರೆ ಇಟ್ಟುಕೊಳ್ಳುತ್ತಿದ್ದೆವೋ ಏನೋ. ಆದರೆ ಅದಕ್ಕೆ ಗುರುತಿಲ್ಲದವರನ್ನು ಕಂಡರೆ ಇನ್ನೂ ಪ್ರೀತಿ. ಕಡೆಗೆ ಮಡಿಕೇರಿ ಕಡೆಯ ಪರಿಚಯದವರೊಬ್ಬರು ಒಯ್ದರು. ಅಜ್ಜಿಯ ಬರವೂ ನಿಂತಿತು.

ನಡುವೆ ಒಮ್ಮೆ ಭಾವನಿಗೆ ಸ್ವದೇಶಿ ಹುಮ್ಮಸ್ಸು ಬಂದಿತ್ತು. ಮುಧೋಳದ ನಾಯಿ, ನಮ್ಮ ಬಾಗಲಕೋಟೆಯದ್ದು, 2005ರಲ್ಲಿ ಅಂಚೆ ಇಲಾಖೆ ಅದರ ಸ್ಟ್ಯಾಂಪನ್ನೇ ತಂದಿದೆ ಎಂದು ಸ್ಟ್ಯಾಂಪಿನ ಫೋಟೋ ಕಳಿಸಿದರು. ಒಳ್ಳೆಯ ನಾಯಿಯೇ. ಆದರೆ ದೂರದಿಂದ ಬೇಟೆ ಕಂಡು ಬಾಣ ಬಿಟ್ಟಂತೆ ಓಡುವ ನಾಯಿಗೆ ಎರಡು ಬೆಡ್‌ರೂಮಿನಲ್ಲಿ ಓಡಲಿಕ್ಕೆ ಎಲ್ಲಿ ಜಾಗ? ಜಾಗ ಎಲ್ಲಿ ಎಂದು ಭಾವನಿಗೆ ಗೊತ್ತಿತ್ತು. ನಾನು ಎರಡು ದಿನ ಫೋನ್ ತೆಗೆಯಲಿಲ್ಲ.

ಫೋನ್ ತೆಗೆಯದ್ದಕ್ಕೆ ಶಿಕ್ಷೆಯೋ ಎಂಬಂತೆ ಬಂದವನು ಬ್ರೂನೋ. ಅವನ ಜೊತೆ ಕೆನಲ್ ಕ್ಲಬ್ಬಿನ ಸರ್ಟಿಫಿಕೇಟೂ ಬಂತು. ಅದರಲ್ಲಿ ಅವನ ಅಪ್ಪ, ಅಜ್ಜ, ಮುತ್ತಜ್ಜ, ಮುತ್ತಜ್ಜಿಯರ ಹೆಸರೆಲ್ಲ ಒಂದಕ್ಷರ ತಪ್ಪಿಲ್ಲದೆ ಉಂಟು. ನನ್ನ ಹೆಸರು ರೇಷನ್ ಕಾರ್ಡಿನಲ್ಲಿ ಒಂದು ರೀತಿ, ಆಧಾರಿನಲ್ಲಿ ಇನ್ನೊಂದು ರೀತಿ, ಅಪ್ಪನ ಜಾಗದ ಆಧಾರಪತ್ರದಲ್ಲಿ ಮೂರನೇ ರೀತಿ. ಕನ್ನಡದಿಂದ ಮಲಯಾಳಕ್ಕೆ, ಅಲ್ಲಿಂದ ಇಂಗ್ಲಿಷಿಗೆ ಹೋಗಿ ಬರುವಷ್ಟರಲ್ಲಿ ನಮ್ಮ ಮನೆತನದ ಹೆಸರಿಗೆ ಒಂದು ಬಾಲವೇ ಬೆಳೆದಿದೆ.

ಲ್ಯಾಬ್ರಡಾರಿನ ಹಿರಿಯರು ಕೆನಡದ ನ್ಯೂಫೌಂಡ್‌ಲ್ಯಾಂಡ್ ದ್ವೀಪದಲ್ಲಿ ಮೀನುಗಾರರ ಜೊತೆ ದುಡಿದ ನಾಯಿಗಳು. ಆಮೇಲೆ ಬ್ರಿಟನ್ನಿನ ಶ್ರೀಮಂತರು ಗುಂಡು ತಾಗಿ ಬಿದ್ದ ಹಕ್ಕಿಯನ್ನು ಹೆಕ್ಕಿ ತರಲು ಸಾಕಿದರು. ಹಕ್ಕಿಯ ಮೈಗೆ ಹಲ್ಲು ತಾಗಬಾರದು, ಹಾಗಾಗಿ ಬಾಯಿ ಬಹಳ ಮೆತ್ತಗೆ. ನಮ್ಮ ತೋಟದಲ್ಲಿ ಗುಂಡೂ ಇಲ್ಲ, ಬಾತುಕೋಳಿಯೂ ಇಲ್ಲ. ಅಡಿಕೆ ಕೊಯ್ಯಲು ಬಂದವರ ಮುಟ್ಟಾಳೆ, ಅಂದರೆ ಹಾಳೆಯ ಟೊಪ್ಪಿ, ಉಂಟು. ಊಟದ ಹೊತ್ತಿಗೆ ಅವರು ತೆಗೆದಿಟ್ಟ ಮುಟ್ಟಾಳೆಗಳನ್ನು ಬ್ರೂನೋ ಒಂದೊಂದಾಗಿ ತಂದು ನನ್ನ ಕಾಲಬುಡದಲ್ಲಿ ಇಡುತ್ತಾನೆ. ಒಂದು ಗೀರಿಲ್ಲ, ಒಂದು ಹರುಕಿಲ್ಲ. ಕೆಲಸದವರು ಬರಿತಲೆಯಲ್ಲಿ ಸಾಲಾಗಿ ಅಂಗಳಕ್ಕೆ ಬರುತ್ತಾರೆ.

ಅವನ ಹೊಟ್ಟೆಯ ವಿಷಯಕ್ಕೆ ವಿಜ್ಞಾನದ ಆಧಾರವೇ ಉಂಟು. 2016ರಲ್ಲಿ ಕೇಂಬ್ರಿಡ್ಜಿನವರು ಕಂಡುಹಿಡಿದಂತೆ, ಸುಮಾರು ಕಾಲು ಭಾಗದಷ್ಟು ಲ್ಯಾಬ್ರಡಾರುಗಳಲ್ಲಿ 'ಪಿಒಎಂಸಿ' ಎಂಬ ಜೀನಿನ ಒಂದು ತುಂಡು ಕಾಣೆಯಾಗಿರುತ್ತದೆ. ಹೊಟ್ಟೆ ತುಂಬಿತು ಎಂದು ಮಿದುಳಿಗೆ ತಿಳಿಸುವ ವ್ಯವಸ್ಥೆ ಅಲ್ಲಿ ಕೆಡುತ್ತದೆ. ಬ್ರೂನೋನ ಜೀನನ್ನು ಯಾರೂ ಪರೀಕ್ಷೆ ಮಾಡಿಲ್ಲ. ಅಮ್ಮನ ಪ್ರಕಾರ ಅಗತ್ಯವೂ ಇಲ್ಲ.

ಈಗ ಹಪ್ಪಳ. ನಿಮ್ಮ ಮನೆಯಲ್ಲೂ ಮಾಡುತ್ತಿದ್ದರೆ ಕಷ್ಟ ಗೊತ್ತಿರುತ್ತದೆ. ಬೆಳೆದ ಹಲಸಿನಕಾಯಿಯ ಮೇಣ ಬಿಡಿಸಿ, ಸೊಳೆ ಬೇಯಿಸಿ, ಬಿಸಿ ಆರುವ ಮೊದಲು ಕಡೆದು, ಉಂಡೆ ಕಟ್ಟಿ, ಎಣ್ಣೆ ಸವರಿದ ಪ್ಲಾಸ್ಟಿಕ್ಕಿನ ನಡುವೆ ಮಣೆಯಲ್ಲಿ ಒತ್ತಿ, ಚಾಪೆಗೆ ಹಾಕಬೇಕು. ಅಮ್ಮ, ಹೆಂಡತಿ, ಕೆಲಸದ ಕಮಲಕ್ಕ ಸೇರಿ ಬೆಳಿಗ್ಗೆಯೆಲ್ಲ ಒತ್ತಿ ಇನ್ನೂರು ಚಿಲ್ಲರೆ ಹಪ್ಪಳ ಟೆರೇಸಿನಲ್ಲಿ ಹಾಕಿದರು. ಕಾಗೆ ಬಾರದ ಹಾಗೆ ನಡುವಿನಲ್ಲಿ ಅಪ್ಪನ ಹಳೇ ಕಪ್ಪು ಕೊಡೆ ಬಿಡಿಸಿಟ್ಟದ್ದೂ ಆಯಿತು. ಆಗ ಅಕ್ಕನ ಫೋನು. ಸ್ಪೀಕರಿನಲ್ಲಿ ಭಾವ. "ಕೊಡೆಗೆಲ್ಲ ಈಗಿನ ಕಾಗೆ ಹೆದರುವುದಿಲ್ಲ ಅತ್ತೆ. ಬ್ರೂನೋನನ್ನು ಮೇಲೆ ಬಿಡಿ. ನಾಯಿ ಇದ್ದಲ್ಲಿ ಕಾಗೆ ಇಳಿಯುವುದಿಲ್ಲ." ಅಳಿಯನ ಮಾತು. ಅಮ್ಮ ಬಿಟ್ಟಳು.

ಒಂದು ಗಂಟೆ ಕಳೆದು ಹಪ್ಪಳ ಮಗುಚಲು ಹೋದ ಹೆಂಡತಿ ಮೇಲಿನಿಂದ ನನ್ನನ್ನು ಕರೆದ ಸ್ವರಕ್ಕೆ ನಾನು ಚಪ್ಪಲಿ ಹಾಕದೆ ಓಡಿದೆ. ಬ್ರೂನೋ ಕೊಡೆಯ ನೆರಳಿನಲ್ಲಿ ಕೂತಿದ್ದ. ಬಿಸಿಲು ಸರಿದ ಹಾಗೆ ಅವನೂ ಸರಿದು ನೆರಳಲ್ಲೇ ಇದ್ದಾನೆ ಎನ್ನುವುದು ಚಾಪೆ ನೋಡಿದರೆ ಗೊತ್ತಾಗುತ್ತಿತ್ತು. ಅವನು ಸರಿದ ದಾರಿಯೆಲ್ಲ ಖಾಲಿ. ನಾವು ನೋಡುತ್ತಿರುವಾಗಲೇ ಮುಂದಿನ ಹಪ್ಪಳದ ಅಂಚಿಗೆ ತುಟಿ ಇಟ್ಟ, ಮೆಲ್ಲ ಎಬ್ಬಿಸಿದ, ಹರಿಯದೆ ಪೂರ್ತಿ ಎತ್ತಿದ, ಕಣ್ಣು ಮುಚ್ಚಿ ನುಂಗಿದ. ಅರೆ ಒಣಗಿದ ಹಪ್ಪಳವನ್ನು ಹರಿಯದೆ ಎಬ್ಬಿಸುವುದು ಎಷ್ಟು ಕಷ್ಟ ಅಂತ ಕಮಲಕ್ಕನನ್ನು ಕೇಳಿ. ಚಾಪೆಗೆ ಒಂದು ಹಲ್ಲಿನ ಗುರುತಿಲ್ಲ. ತೆಂಗಿನ ಗರಿಯ ಮೇಲೆ ನಾಲ್ಕೈದು ಕಾಗೆ ಕೂತು ಉಸಿರೆತ್ತದೆ ನೋಡುತ್ತಿದ್ದವು.

ಹೊಟ್ಟೆಗೆ ಏನಾದರೂ ಆದೀತು ಎಂದು ಡಾಕ್ಟ್ರಿಗೆ ಫೋನ್ ಮಾಡಿದೆ. ಅವರು ಮಲಯಾಳದಲ್ಲಿ ಮೊದಲು ಕೇಳಿದ್ದು ಈರುಳ್ಳಿ ಹಾಕಿದ್ದೀರಾ, ಒಣದ್ರಾಕ್ಷಿ ಉಂಟಾ ಅಂತ. ಎರಡೂ ನಾಯಿಗೆ ವಿಷ. ಹಪ್ಪಳಕ್ಕೆ ದ್ರಾಕ್ಷಿಯಾ ಎಂದು ಅಮ್ಮನಿಗೆ ಸಿಟ್ಟು ಬಂತು. ಹಾಗಾದರೆ ಏನೆಲ್ಲ ಹಾಕಿದ್ದೀರಿ, ಉಪ್ಪು ಎಷ್ಟು, ಮೆಣಸು ಎಷ್ಟು ಎಂದು ಅವರು ಕೇಳಿದ ಕೂಡಲೇ ಅಮ್ಮ ಫೋನ್ ಕಸಿದುಕೊಂಡು ಮೊದಲಿನಿಂದ ಹೇಳತೊಡಗಿದಳು. ಕಾಯಿ ಎಷ್ಟು ಬೆಳೆದಿರಬೇಕು, ಸೊಳೆ ಎಷ್ಟು ಬೇಯಬೇಕು, ಕೊತ್ತಂಬರಿ ಯಾವಾಗ ಸೇರಿಸಬೇಕು. ಆಚೆ ಕಡೆಯಿಂದ "ಆಂ... ಆಂ..." ಕೇಳುತ್ತಿತ್ತು. ಅವರು ಬರೆದುಕೊಳ್ಳುತ್ತಿದ್ದಾರೆ ಎಂದು ನನಗೆ ಈಗಲೂ ಸಂಶಯ. ಕಡೆಗೆ, ನೀರು ಧಾರಾಳ ಕೊಡಿ, ವಾಂತಿಯಾದರೆ ಕರೆದುಕೊಂಡು ಬನ್ನಿ, ರಾತ್ರಿ ಊಟ ಬೇಡ ಎಂದರು. ನೀರು ಕುಡಿದ. ವಾಂತಿ ಆಗಲಿಲ್ಲ. ರಾತ್ರಿ ಊಟ ಇಲ್ಲ ಎಂದು ತಿಳಿದಾಗ ಬಟ್ಟಲು ಕಚ್ಚಿಕೊಂಡು ಮನೆಯ ಪ್ರತಿಯೊಬ್ಬರ ಹತ್ತಿರವೂ ಬಂದು ನಿಂತ.

ಭಾವನಿಗೆ ವಿಷಯ ತಿಳಿಸಿದೆ. ಪೂರ್ತಿ ಕೇಳಿಸಿಕೊಂಡು ಹೇಳಿದರು, "ಕಾಗೆ ಮುಟ್ಟಲಿಲ್ಲ ಅಲ್ವಾ?"

ಆದರೂ ಅಮ್ಮನ ಸಿಟ್ಟು ಎಷ್ಟು ಹೊತ್ತಿನದು ಎಂದು ನನಗೆ ಗೊತ್ತು. ಮಧ್ಯಾಹ್ನ ಊಟವಾಗಿ ನಾವೆಲ್ಲ ಅಡ್ಡಾದ ಮೇಲೆ ಅವಳು ಜಗಲಿಯಲ್ಲಿ ಕಾಲು ನೀಡಿ ಕೂತು ಅವನೊಟ್ಟಿಗೆ ಮಾತಾಡುತ್ತಾಳೆ. ಅಡಿಕೆಗೆ ರೇಟು ಇಳಿದದ್ದು, ಮೊಮ್ಮಗ ಬೆಂಗಳೂರಿನಿಂದ ಫೋನ್ ಮಾಡದೆ ವಾರವಾದದ್ದು, ಅಪ್ಪ ಹೋದ ವರ್ಷದ ಮಳೆ. ನಮಗೆಲ್ಲ ನೂರು ಸಲ ಕೇಳಿದ ಕಥೆ. ಅವನು ಗಲ್ಲವನ್ನು ಅವಳ ಕಾಲ ಮೇಲಿಟ್ಟು, ಹುಬ್ಬು ಮಾತ್ರ ಆಚೆ ಈಚೆ ಮಾಡುತ್ತಾ ಕೇಳುತ್ತಾನೆ. ನಮ್ಮ ಆಸುಪಾಸಿನ ಎಷ್ಟೋ ಮನೆಗಳಲ್ಲಿ ಈಗ ಮಧ್ಯಾಹ್ನದ ಹೊತ್ತಿಗೆ ಮಾತಿನ ಸದ್ದೇ ಇಲ್ಲ. ಕಾವಲಿಗೆ ಅವನು ಪ್ರಯೋಜನವಿಲ್ಲ. ಅದಕ್ಕೆ ಕಾಳು ಇದ್ದಾನೆ.

ಕಾಳುವಿನ ಬಗ್ಗೆ ಯಾವ ಯೂಟ್ಯೂಬಿನಲ್ಲೂ ಬಂದಿಲ್ಲ. ಊರ ನಾಯಿ. ಅನ್ನ ಮಜ್ಜಿಗೆ ಹಾಕಿದರೆ ಅನ್ನ ಮಜ್ಜಿಗೆ, ಮೀನಿನವನು ಬಂದ ದಿನ ರಸ್ತೆಯಲ್ಲಿ ಊಟ. ರಾತ್ರಿ ತೋಟಕ್ಕೆ ಕಾಡುಹಂದಿ ಇಳಿದರೆ ಮೊದಲ ಸದ್ದು ಅವನದ್ದೇ. ಆಗ ಬ್ರೂನೋ ಒಳಗೆ ಬಂದು ಅಮ್ಮನ ಮಂಚದಡಿ ಸೇರಿಕೊಳ್ಳುತ್ತಾನೆ.

ಕೇರಳದಲ್ಲಿ ಸಾಕುನಾಯಿಗೆ ಪಂಚಾಯತಿನ ಲೈಸನ್ಸ್ ಆಗಬೇಕು. ಅದಕ್ಕೆ ಹುಚ್ಚುನಾಯಿ ರೋಗದ ಇಂಜೆಕ್ಷನ್ ಚುಚ್ಚಿಸಿದ ಸರ್ಟಿಫಿಕೇಟೂ ಬೇಕು. ಇಬ್ಬರಿಗೂ ಚುಚ್ಚಿಸಿ, ಎರಡು ಅರ್ಜಿ, ಎರಡು ಫೋಟೋ ಹಿಡಿದುಕೊಂಡು ಹೋದೆ. ಅರ್ಜಿಯಲ್ಲಿ ನಾಯಿಯ ಇನ ಯಾವುದು ಎಂಬ ಕಾಲಂ. ಬ್ರೂನೋಗೆ ಲ್ಯಾಬ್ರಡಾರ್. ಕಾಳುವಿಗೆ ಏನೆಂದು ಬರೆಯಲಿ ಎಂದರೆ ಗುಮಾಸ್ತರು ತಾವೇ 'ನಾಡನ್', ಅಂದರೆ ಊರಿನದ್ದು, ಎಂದು ಬರೆದು ಮೊಹರು ಒತ್ತಿದರು. ಮನೆಗೆ ಬಂದು ನೋಡುವಾಗ ಫೋಟೋ ಅದಲುಬದಲಾಗಿದೆ. ಸರಕಾರದ ದಾಖಲೆಯಲ್ಲಿ ಈಗ ಕಾಳುವೇ ಲ್ಯಾಬ್ರಡಾರ್. ಮುತ್ತಜ್ಜನ ತನಕ ಹೆಸರಿರುವ ಬ್ರೂನೋ ನಾಡನ್.

ತಿದ್ದಬೇಕಾದರೆ ಹೊಸ ಅರ್ಜಿ ಕೊಡಬೇಕಂತೆ, ನಾಯಿಗಳನ್ನೂ ತಂದು ತೋರಿಸಬೇಕಂತೆ. ನಾಳೆ ಹೋಗುವ ಎಂದು ನಮ್ಮ ಮಾಮೂಲು ಆಟೋದವನಿಗೆ ಹೇಳಿದ್ದೇನೆ. ಕಾಳು ಆದರೆ ಅಡ್ಡಿಯಿಲ್ಲ, ಅವನನ್ನು ಮುಂದೆ ನನ್ನ ಹತ್ತಿರವೇ ಕೂರಿಸುತ್ತೇನೆ ಎಂದ. ಬ್ರೂನೋಗೆ ಬೇರೆ ಗಾಡಿ ಮಾಡಿ ಎಂದ. ಕಳೆದ ಸಲ ಇಂಜೆಕ್ಷನ್‌ಗೆ ಹೋಗುವಾಗ ಅವನ ಮೀಟರಿನ ಮೇಲಿದ್ದ ದೇವಸ್ಥಾನದ ಪ್ರಸಾದವನ್ನು ಬಾಳೆಎಲೆ ಸಮೇತ ತಿಂದಿದ್ದ.