ನೋಟಿಸ್ ಹೆಡ್‌ಮಾಸ್ಟರಿಗೇ ಯಾಕೆ?

ಫಲಿತಾಂಶ ಪರಿಶೀಲನಾ ಸಭೆಯ ವಿಡಿಯೊ ಒಂದು ಬೆಳಿಗ್ಗೆಯಿಂದ ವಾಟ್ಸಾಪ್‌ನಲ್ಲಿ ಓಡಾಡ್ತಿದೆ. ಎಸ್ಸೆಸ್ಸೆಲ್ಸಿಯಲ್ಲಿ ಕೆಳಗಿಳಿದ ಸರ್ಕಾರಿ ಪ್ರೌಢಶಾಲೆಯ ಹೆಡ್‌ಮಾಸ್ಟರನ್ನು ಎಲ್ಲರೆದುರು ನಿಲ್ಲಿಸಿ, ‘ಮೂರು ವರ್ಷ ಏನ್ ಮಾಡಿದ್ರಿ?’ ಅಂತ ಅಧಿಕಾರಿಗಳು ಕೇಳ್ತಾರೆ. ಮೈ ಉರಿದುಹೋಯ್ತು ನನಗೆ.

ಏನು ಮಾಡಿದರು ಅಂತ ನಾನು ಹೇಳ್ತೀನಿ, ಕಲಬುರಗಿ ಕಡೆ ಗಣಿತ ಹೇಳಿದವಳು ನಾನು. ಎಂಟನೇ ತರಗತಿಗೆ ಬರುವ ಎಷ್ಟೋ ಮಕ್ಕಳು ಒತ್ತಕ್ಷರ ಬಂದ ಕಡೆ ನಿಂತುಬಿಡ್ತಾರೆ. ದಶಕ ತಗೊಂಡು ಕಳೆಯೋದೇ ಬರದ ಮಗುವಿನ ಮುಂದೆ ಬೀಜೋಕ್ತಿ ತೆರೆದಿಡಬೇಕು. ತಾಂಡಾದ ಮಕ್ಕಳಿಗೆ ಮನೆಮಾತು ಲಂಬಾಣಿ, ಪಠ್ಯ ಕನ್ನಡ. ಹತ್ತಿ ಬಿಡಿಸೋ ಕಾಲ ಬಂತೋ, ಹಿಂದಿನ ಬೆಂಚಿನ ಹೆಣ್ಣುಮಕ್ಕಳು ಮಾಯ. ಅಪ್ಪ ಅಮ್ಮ ಬೆಂಗಳೂರಿಗೋ ಪುಣೆಗೋ ಗುಳೆ ಹೋದರೆ ಮಗುವೂ ಹೋಯ್ತು. ಜನವರಿಯಲ್ಲಿ ವಾಪಸ್ ಬಂದ ಆ ಮಗುವಿಗೆ ‘ಪಾಸಿಂಗ್ ಪ್ಯಾಕೇಜ್’, ಅಂದರೆ ಪಾಸಾಗೋಕೆ ಬೇಕಾದಷ್ಟೇ ಆಯ್ದ ಪ್ರಶ್ನೋತ್ತರ, ಉರು ಹೊಡೆಸೋದು ಬಿಟ್ಟು ಆ ಮೇಷ್ಟ್ರಿಗೆ ಬೇರೆ ದಾರಿ ಎಲ್ಲಿದೆ?

ಎಸ್ಸೆಸ್ಸೆಲ್ಸಿ ಪಾಸಾದವರ ಪಟ್ಟಿಯ ಮೊದಲ ಮತ್ತು ಕೊನೆಯ ಜಿಲ್ಲೆ ನೋಡಿ: 2024ರಲ್ಲಿ ಉಡುಪಿ ಶೇ 94, ಯಾದಗಿರಿ ಶೇ 50.59. 2025ರಲ್ಲಿ ದಕ್ಷಿಣ ಕನ್ನಡ ಶೇ 91.12, ಕಲಬುರಗಿ ಶೇ 42.43. ಪ್ರತಿವರ್ಷ ಈ ಪಟ್ಟಿ ಓದ್ತೀವಿ, ಫಲಿತಾಂಶ ಕುಸಿದ ಶಾಲೆಯ ಹೆಡ್‌ಮಾಸ್ಟರಿಗೆ ಕಾರಣ ಕೇಳಿ ನೋಟಿಸ್ ಬರೀತೀವಿ. ಪರೀಕ್ಷಾ ಕೊಠಡಿಯನ್ನು ಕ್ಯಾಮೆರಾದಲ್ಲಿ ನೇರವಾಗಿ ನೋಡೋ ವೆಬ್‌ಕಾಸ್ಟಿಂಗ್ ಬಂದ ಮೇಲೆ ನಕಲು ಕಡಿಮೆಯಾಯ್ತು, ಒಳ್ಳೇದೇ. ಆದರೆ ಕ್ಯಾಮೆರಾ ಪಾಠ ಮಾಡಲ್ಲ. ಕಲಬುರಗಿ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371(ಜೆ) ವಿಧಿ ಜಾರಿಗೆ ಬಂದು ಹತ್ತು ವರ್ಷ ದಾಟಿದರೂ ಗಣಿತ, ಇಂಗ್ಲಿಷ್, ವಿಜ್ಞಾನದ ಹುದ್ದೆಗಳು ಖಾಲಿ ಇವೆ. ಅತಿಥಿ ಶಿಕ್ಷಕರ ದಾರಿ ಕಾಯೋದರಲ್ಲೇ ವಾರಗಟ್ಟಲೆ ಕಳೆದುಹೋಗುತ್ತೆ. ಇಲ್ಲದ ಮೇಷ್ಟ್ರ ಪರವಾಗಿ ಹೆಡ್‌ಮಾಸ್ಟರ್ ಉತ್ತರ ಕೊಡಬೇಕಾ?

‘ಅದೇ ಜಿಲ್ಲೆಯ ಮೊರಾರ್ಜಿ ವಸತಿ ಶಾಲೆಯ ಮಕ್ಕಳು ಚೆನ್ನಾಗಿ ಓದ್ತಾರಲ್ಲ?’ ಅಂತ ಗೆಳೆಯರೊಬ್ಬರು ಕೇಳಿದರು. ಓದ್ತಾರೆ, ಸಂತೋಷ. ಆರನೇ ತರಗತಿಗೇ ಪ್ರವೇಶ ಪರೀಕ್ಷೆ ಬರೆದು ಬಂದ ಮಕ್ಕಳು ಅವರು. ಊಟ, ಹಾಸಿಗೆ, ಸಂಜೆಯ ಓದು ಎಲ್ಲ ಅಲ್ಲೇ. ಯಾರೂ ಅವರನ್ನು ಹೊಲಕ್ಕೆ ಕರೆಯಲ್ಲ. ಅದೇ ಮಕ್ಕಳು ಬಡತನದಲ್ಲೂ ಕಲೀತಾರೆ ಅನ್ನೋದಾದರೆ ಕೊರತೆ ಮಕ್ಕಳಲ್ಲಿಲ್ಲ, ನಾವು ಉಳಿದವರಿಗೆ ಕೊಡದೇ ಇರೋದರಲ್ಲಿದೆ.

ಆ ಹೆಡ್‌ಮಾಸ್ಟರ್ ತಲೆ ತಗ್ಗಿಸಿ ನಿಂತಿದ್ದು ನೋಡಿ ನಾನು ಅತ್ತೆ. ನಿಜವಾಗಿ ಅತ್ತೆ.

ನೋಟಿಸ್ ಬರೆಯೋ ಕೈಯಿಂದಲೇ ಜೂನ್ ಮೊದಲ ವಾರ ಅತಿಥಿ ಶಿಕ್ಷಕರ ಆದೇಶಕ್ಕೂ ಸಹಿ ಬೀಳಲಿ. ಎಂಟನೇ ತರಗತಿಯ ಮೊದಲ ಮೂರು ತಿಂಗಳು ಬರೀ ಓದು, ಲೆಕ್ಕಕ್ಕೆ ಬಿಟ್ಟುಕೊಡಿ. ಗುಳೆ ಹೋಗುವ ಮನೆಯ ಮಕ್ಕಳಿಗೆ ಅಕ್ಟೋಬರ್ ಒಳಗೇ ಹಾಸ್ಟೆಲ್ ಸೀಟು ಕೊಡಿ.