ಪ್ಯಾಚ್ ರಿಲೀಸ್‌ನಲ್ಲಿ ಹೊಸ ವಾರ್ನಿಂಗ್ ಬೇಡ

‘ವಾರ್ನಿಂಗ್ ತಾನೇ, ಪ್ರೋಗ್ರಾಂ ಓಡುತ್ತಲ್ಲ’ ಅನ್ನುವ ವಾದವನ್ನು ನಾನು ಒಪ್ಪುವುದಿಲ್ಲ. ವಾರ್ನಿಂಗನ್ನೇ ಎರರ್ ಎಂದು ಪರಿಗಣಿಸುವ ಬಿಲ್ಡ್‌ಗಳು (ಕೋಡ್‌ನಿಂದ ಪ್ರೋಗ್ರಾಂ ಕಟ್ಟುವ ಕೆಲಸ) ಎಷ್ಟೋ ಇವೆ. ಭಾಷೆಯ ಅಥವಾ ಕಂಪೈಲರ್‌ನ ಭದ್ರತಾ ದೋಷ ಸರಿಪಡಿಸುವ ಸಣ್ಣ ಅಪ್‌ಡೇಟ್, ಅಂದರೆ ಪ್ಯಾಚ್ ರಿಲೀಸ್ ಜೊತೆ ಹೊಸ ವಾರ್ನಿಂಗ್ ಬಂದರೆ, ಕೋಡ್‌ನ ಒಂದಕ್ಷರ ಬದಲಾಗದಿದ್ದರೂ ಬಿಲ್ಡ್ ಬೀಳುತ್ತದೆ. ಆಮೇಲೆ ಜನ ಅಪ್‌ಡೇಟ್ ಹಾಕುವುದಕ್ಕೇ ಹೆದರುತ್ತಾರೆ.

ಪೈಥಾನ್ ಭಾಷೆಯ ಬ್ಯಾಕ್‌ಸ್ಲ್ಯಾಶ್ (\) ಪ್ರಕರಣ ನೋಡಿ. ಸ್ಟ್ರಿಂಗ್ (ಕೋಡ್‌ನಲ್ಲಿ ಬರೆದ ಪಠ್ಯ) ಒಳಗೆ ಬ್ಯಾಕ್‌ಸ್ಲ್ಯಾಶ್ ಜೊತೆ ‘ಡಿ’ ಬರೆದರೆ ಪೈಥಾನ್‌ಗೆ ಅದರ ಅರ್ಥ ಗೊತ್ತಿಲ್ಲ, ಎರಡನ್ನೂ ಹಾಗೇ ಬಿಡುತ್ತದೆ, ರೆಜೆಕ್ಸ್ (ಪಠ್ಯದಲ್ಲಿ ಮಾದರಿ ಹುಡುಕುವ ಸೂತ್ರ) ಕೆಲಸ ಮಾಡುತ್ತದೆ. ಅದೇ ಧೈರ್ಯದಲ್ಲಿ ‘ಬಿ’ ಬರೆದಿರೋ, ಅದು ಬ್ಯಾಕ್‌ಸ್ಪೇಸ್ ಆಗುತ್ತದೆ. ಎರರ್ ಇಲ್ಲ, ಮ್ಯಾಚೂ ಇಲ್ಲ. ಹಾಗಾಗಿ ಎಚ್ಚರಿಸಿದ್ದು ಸರಿಯೇ. 2016ರ ಪೈಥಾನ್ 3.6ರಲ್ಲಿ ಆ ಎಚ್ಚರಿಕೆ ಸಾಮಾನ್ಯವಾಗಿ ಕಣ್ಣಿಗೆ ಬೀಳದ ಡಿಪ್ರಿಕೇಶನ್ ವಾರ್ನಿಂಗ್ (‘ಈ ರೀತಿ ಮುಂದೆ ನಡೆಯದು’ ಎಂಬ ಸೂಚನೆ) ಆಗಿ ಬಂತು. 3.8ರ ಬೀಟಾದಲ್ಲಿ ಎಲ್ಲರಿಗೂ ಕಾಣುವ ಸಿಂಟ್ಯಾಕ್ಸ್ ವಾರ್ನಿಂಗ್ ಮಾಡಿದರು. ಯಾರೋ ಬರೆದ ಲೈಬ್ರರಿಯ ತಪ್ಪು, ಅದನ್ನು ತಿದ್ದಲಾಗದ ಬಳಕೆದಾರರ ಟರ್ಮಿನಲ್ ತುಂಬಿತು. ಅಂತಿಮ ಬಿಡುಗಡೆಗೆ ಮೊದಲೇ ವಾಪಸ್ ತೆಗೆದು, 2023ರ 3.12ರಲ್ಲಿ ಮತ್ತೆ ತಂದರು. ಆ ಹಿಂದೆಗೆತ ಒಳ್ಳೆಯ ನಿರ್ಧಾರ.

ಇನ್ನೊಂದು ತೊಡಕಿದೆ. ಈ ವಾರ್ನಿಂಗ್ ಬರುವುದು ಫೈಲ್ ಕಂಪೈಲ್ ಆಗುವಾಗ. ಬೈಟ್‌ಕೋಡ್ (ಕಂಪೈಲ್ ಆದ ರೂಪ) ಒಮ್ಮೆ ಕ್ಯಾಶ್ ಆಯಿತೆಂದರೆ, ಅಂದರೆ ಉಳಿಸಿಟ್ಟರೆ, ಮರು ಓಟದಲ್ಲಿ ಸದ್ದಿಲ್ಲ. ಬರೆದವರು ‘ನನಗೇನೂ ಕಾಣ್ತಿಲ್ಲ’ ಅನ್ನುತ್ತಾರೆ, ಇನ್‌ಸ್ಟಾಲ್ ಮಾಡುವವರಿಗೆ ಸಾಲುಗಟ್ಟಲೆ ಕಾಣುತ್ತದೆ. ಲೈಬ್ರರಿ ಬರೆಯುವವರು ವಾರ್ನಿಂಗನ್ನು ಎರರ್ ಮಾಡುವ ಆಯ್ಕೆ ಕೊಟ್ಟು, ಫೈಲ್‌ಗಳನ್ನೆಲ್ಲ ಕಂಪೈಲ್ ಮಾಡುವ ಪೈಥಾನ್‌ನ ಕಂಪೈಲ್‌ಆಲ್ ಓಡಿಸಿ. ಎಲ್ಲವನ್ನೂ ಮರುಕಂಪೈಲ್ ಮಾಡಿಸುವ ‘ಎಫ್’ ಆಯ್ಕೆ ಮರೆಯಬೇಡಿ.

ತಿದ್ದುವಾಗ ಕಣ್ಣು ಮುಚ್ಚಿ ಎಲ್ಲ ಸ್ಟ್ರಿಂಗ್‌ಗೂ ಮುಂದೆ ‘ಆರ್’ (ಬ್ಯಾಕ್‌ಸ್ಲ್ಯಾಶ್‌ಗೆ ವಿಶೇಷ ಅರ್ಥ ಬೇಡ ಎಂಬ ಗುರುತು) ಅಂಟಿಸಬೇಡಿ. ಅದೇ ಸ್ಟ್ರಿಂಗ್‌ನಲ್ಲಿ ಬೇಕೆಂದೇ ಹಾಕಿದ ನ್ಯೂಲೈನ್ ಇದ್ದರೆ ಅದು ಬರೀ ಎರಡು ಅಕ್ಷರವಾಗಿ ಉಳಿಯುತ್ತದೆ. ಅಂಥಲ್ಲಿ ತಪ್ಪಿರುವ ಬ್ಯಾಕ್‌ಸ್ಲ್ಯಾಶನ್ನು ಮಾತ್ರ ಎರಡು ಸಲ ಬರೆಯಿರಿ.

ರಸ್ಟ್ ಭಾಷೆಯ ದಾರಿ ನನಗೆ ಹೆಚ್ಚು ಹಿಡಿಸುತ್ತದೆ. ಆರು ವಾರಕ್ಕೊಂದು ಸ್ಟೇಬಲ್ ಆವೃತ್ತಿ ಬಂದರೂ, ಹೊರಗಿನಿಂದ ತಂದ ಕ್ರೇಟ್‌ಗಳ (ರಸ್ಟ್ ಲೈಬ್ರರಿಗಳ) ಲಿಂಟ್‌ಗಳನ್ನು, ಅಂದರೆ ಕೋಡ್ ಬಗೆಗಿನ ಎಚ್ಚರಿಕೆಗಳನ್ನು, ರಸ್ಟ್‌ನ ಬಿಲ್ಡ್ ಸಾಧನ ಕಾರ್ಗೋ ಅಡಗಿಸುತ್ತದೆ. ಎಚ್ಚರಿಕೆ ತಿದ್ದಬಲ್ಲವರಿಗೇ ತಲುಪುತ್ತದೆ. ಆ ಸೌಲಭ್ಯವಿಲ್ಲದ ಭಾಷೆಗಳಲ್ಲಿ ಹೊಸ ವಾರ್ನಿಂಗ್ ದೊಡ್ಡ ಆವೃತ್ತಿಗೇ ಕಾಯಲಿ. ನಾವೂ ಬಿಲ್ಡ್‌ನಲ್ಲಿ ಕಂಪೈಲರ್ ಆವೃತ್ತಿಯನ್ನು ಕೊನೆಯ ಅಂಕಿಯವರೆಗೆ ಕಟ್ಟಿಹಾಕಿ ಅಲ್ಲಿ ಮಾತ್ರ ವಾರ್ನಿಂಗನ್ನು ಎರರ್ ಮಾಡೋಣ. ಹೊಸ ಆವೃತ್ತಿಗೆ ಬೇರೆಯೇ ಒಂದು ಜಾಬ್ (ತಾನಾಗಿ ಓಡುವ ಪರೀಕ್ಷಾ ಬಿಲ್ಡ್) ಇಟ್ಟು, ಅದು ಬಿದ್ದರೂ ರಿಲೀಸ್ ನಿಲ್ಲದ ಹಾಗೆ ನೋಡಿಕೊಳ್ಳೋಣ.